ಹನ್ನೊಂದು ಚೀಟಿ

ಅವರ ಬಲಗೈಯ ತೋರುಬೆರಳಿನ ಉಗುರು ಉದ್ದಕ್ಕೂ ಸೀಳಿತ್ತು. ಹಳೆಯ ಬಿಸ್ಕತ್ತಿನ ಡಬ್ಬಿಯೊಳಗೆ ಕೈಹಾಕಿ ಚೀಟಿ ಹುಡುಕುವಾಗ ಆ ಉಗುರು ತಗಡಿಗೆ ತಾಗಿ ಕರಕರ ಸದ್ದಾಗುತ್ತಿತ್ತು. ಆ ಸದ್ದು ಕೇಳಿದರೆ ಈಗಲೂ ನನ್ನ ಬೆನ್ನು ಚಳುಕ್ಕೆನ್ನುತ್ತದೆ.

ಎರ್ನಾಕುಲಂನ ಎಡಪ್ಪಳ್ಳಿಯಲ್ಲಿ ನಮ್ಮ ಎದುರು ಫ್ಲಾಟಿನವರು. ಅವರ ಯಜಮಾನರಿಗೆ ಬ್ಯಾಂಕಿನ ಕೆಲಸ, ಗದಗದ ಕಡೆಯಿಂದ ವರ್ಗವಾಗಿ ಬಂದವರು. ಭಾನುವಾರ ಬೆಳಿಗ್ಗೆ ಈಕೆ ನಮ್ಮಂಥ ಕನ್ನಡದವರನ್ನೂ ನಮ್ಮ ಮಕ್ಕಳನ್ನೂ ಕೂರಿಸಿಕೊಂಡು ಕಥೆ ಬರೆಸುತ್ತಿದ್ದರು. ಅವರೂರಿನಲ್ಲಿ ಟೀಚರನ್ನು ಕರೆಯುವಂತೆ ಎಲ್ಲರೂ ಅವರನ್ನು ಅಕ್ಕಾವರು ಅನ್ನುತ್ತಿದ್ದೆವು.

ಡಬ್ಬಿಯ ತುಂಬ ಅವರೇ ಬರೆದು ಮಡಚಿದ ಚೀಟಿಗಳು, ಒಂದರಲ್ಲಿ ಒಂದು ಶಬ್ದ. ಕಣ್ಣುಮುಚ್ಚಿ ಒಂದನ್ನು ಎತ್ತಬೇಕು, ಬಂದ ಶಬ್ದದ ಮೇಲೆ ಬರೆಯಬೇಕು, ಬರೆದ ಮೇಲೆ ಚೀಟಿಯನ್ನು ನೋಟುಬುಕ್ಕಿಗೆ ಅಂಟಿಸಬೇಕು. ನನಗೊಮ್ಮೆ ‘ಸೂತಕ’ ಬಂತು. ಮುಖ ಸಿಂಡರಿಸಿ ಮತ್ತೆ ಡಬ್ಬಿಗೆ ಹಾಕಲು ಹೋದೆ.

“ಬಂದದ್ದು ಬಂತು ತಂಗಿ. ವಾಪಸ್ ಹಾಕೂಹಂಗಿಲ್ಲ.”

“ಅಕ್ಕಾವ್ರೇ, ಇದಕ್ಕೆಲ್ಲ ಈಗ ಫೋನಲ್ಲೇ ಆ್ಯಪ್ ಇದೆ. ಒತ್ತಿದ್ರೆ ಶಬ್ದ ಕೊಡುತ್ತೆ,” ಎಂದೆ.

“ಬ್ಯಾಡಾದ ಶಬ್ದ ಬಂದ್ರ ಇನ್ನೊಮ್ಮೆ ಒತ್ತತೀರಿ. ಛಲೋದು ಬರೂತನಕ ಒತ್ತತೀರಿ. ಅಂಜಿಕಿ ಇಲ್ಲದ ಶಬ್ದದಾಗ ಕತಿ ಎಲ್ಲಿಂದ ಬರಬೇಕು?”

ಸೂತಕದ ಮೇಲೆಯೇ ಬರೆದೆ. ನಾನು ಬರೆದದ್ದರಲ್ಲಿ ಜೀವವಿದ್ದ ಮೊದಲನೆಯದು ಅದೇ.

ಒಂದು ಭಾನುವಾರ ಅವರಿಗೇ ‘ಸೇತುವೆ’ ಬಂತು. ಮುಂದಿನ ವಾರವೂ ಸೇತುವೆ. ಮೂರನೆಯ ವಾರ ನನ್ನ ಮಗಳು ಚೀಟಿ ಬಿಚ್ಚಿ, “ಪಿನ್ನೆಯುಂ ಪಾಲಂ!” ಎಂದು ಕೂಗಿದಳು. ಮತ್ತೆ ಸೇತುವೆ ಎಂದು ಮಕ್ಕಳೆಲ್ಲ ನಕ್ಕರು. ಅಕ್ಕಾವರು ನಗಲಿಲ್ಲ. ಒಂದು ಶಬ್ದವನ್ನು ಎರಡು ಸಲ ಡಬ್ಬಿಗೆ ಹಾಕಿದವರೇ ಅಲ್ಲ ಅವರು. ತಮ್ಮ ನೋಟುಬುಕ್ಕಿಗೆ ಅಂಟಿಸಿದ್ದ ಎರಡರ ಪಕ್ಕ ಮೂರನೆಯದನ್ನಿಟ್ಟು ತಮ್ಮದೇ ಅಕ್ಷರವನ್ನು ಬಹಳ ಹೊತ್ತು ನೋಡಿದರು.

“ಇವನ್ನ ನಾ ಯಾವಾಗ ಬರದೆ?” ಎಂದು ನನ್ನನ್ನು ಕೇಳಿದರು.

ತಿಂಗಳೊಳಗೆ ಅವರನ್ನು ತಿರುವನಂತಪುರಕ್ಕೆ ಕರೆದೊಯ್ದರು. ಮಿದುಳಲ್ಲಿ ಗಡ್ಡೆ. ಅಲ್ಲಿನ ಉಳ್ಳೂರಿನಲ್ಲಿ ಆಸ್ಪತ್ರೆಗೆ ಹತ್ತಿರವೇ ಮನೆ ಹಿಡಿದಿದ್ದರು. ಯಜಮಾನರು ನನಗೆ ಫೋನ್ ಮಾಡಿ, “ಆಕಿ ಡಬ್ಬಿ ಕೇಳಾಕತ್ತಾಳ, ತಂದುಕೊಡ್ರಿ. ನರಕ್ಕ ಬಾವು ಬಂದೈತಿ, ಇಳೀತೈತಿ ಅಂತ ಹೇಳೀನಿ. ಆಕಿಗೆ ಖರೆ ಗೊತ್ತಾಗಬಾರದು,” ಎಂದರು. ಗೊತ್ತಾದರೆ ಊಟ ಬಿಟ್ಟು ಮಲಗಿಬಿಡುತ್ತಾಳೆ ಎಂಬ ಭಯ ಅವರಿಗೆ.

ಎರ್ನಾಕುಲಂನಲ್ಲಿ ರೈಲು ಹತ್ತಿದವಳು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಹಾಸಿಗೆ ಹಿಡಿದವರ ಕೈಗೆ ಎಂಥ ಶಬ್ದ ಬಂದೀತೋ? ಒಂದೊಂದೇ ಬಿಚ್ಚಿ ನೋಡಿದೆ. ಚಿತೆ, ಕೊನೆ, ಕತ್ತರಿ, ಸುಳ್ಳು, ಹೀಗೆ ಹನ್ನೊಂದು ಚೀಟಿಗಳನ್ನು ತೆಗೆದು ಪರ್ಸಿಗೆ ಹಾಕಿಕೊಂಡೆ. ಎಂಥ ಜಾಣೆ ನಾನು ಎಂದು ನನಗೇ ಅನ್ನಿಸಿತು!

ಮೊದಲ ದಿನ ಅವರಿಗೆ ‘ಮಲ್ಲಿಗೆ’ ಬಂತು. ಮರುದಿನ ‘ಗಾಳಿಪಟ’. ಮೂರನೆಯ ದಿನ, ನಾನು ಹೊರಡುವ ಮುಂಚೆ, ‘ಅವಲಕ್ಕಿ’. ಅವರು ಬರೆಯಲಿಲ್ಲ. ಡಬ್ಬಿಯನ್ನು ಹಾಸಿಗೆಯ ಮೇಲೆ ಬೋರಲು ಹಾಕಿ, ಒಂದೊಂದೇ ಚೀಟಿ ಬಿಚ್ಚಿ ಓದತೊಡಗಿದರು. ಉಗುರು ಈಗ ಕಾಗದಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಕಿಟಕಿಯಾಚೆ ಆಂಬುಲೆನ್ಸುಗಳು ಒಂದರ ಹಿಂದೊಂದು ಹೋಗುತ್ತಿದ್ದವು.

“ಚಿತೆ ಎಲ್ಲೈತಿ? ಕೊನೆ ಎಲ್ಲೈತಿ?”

ನಾನು ಪರ್ಸನ್ನು ಹತ್ತಿರಕ್ಕೆ ಎಳೆದುಕೊಂಡೆ. “ಎರ್ನಾಕುಲಂನಲ್ಲೇ ಬಿದ್ದು ಹೋಗಿರಬೇಕು, ಅಕ್ಕಾವ್ರೇ.”

ಅವರು ನನ್ನ ಪರ್ಸನ್ನು ನೋಡಿದರು. ಆಮೇಲೆ ನನ್ನನ್ನು.

“ಡಾಕ್ಟರ್ ಬಾಯಿ ಬಿಟ್ಟಿಲ್ಲ. ನಮ್ಮನಿಯವ್ರೂ ಬಿಟ್ಟಿಲ್ಲ. ನೀ ಹೇಳಿದಿ.”

ನಾನು ಅತ್ತುಬಿಟ್ಟೆ. ಪರ್ಸ್ ತೆರೆದು ಚೀಟಿಗಳನ್ನು ಮುಂದೆ ಹಿಡಿದೆ. ಅವರು ಮುಟ್ಟಲಿಲ್ಲ.

“ತಗದಾಕಿ ನೀನು, ಬರಿಯಾಕಿನೂ ನೀನ. ವಾಪಸ್ ಹಾಕೂಹಂಗಿಲ್ಲ.”

ಯಜಮಾನರು ಹೆದರಿದಂತೆ ಅವರು ಊಟ ಬಿಡಲಿಲ್ಲ. ಅಂದೇ ಸಂಜೆ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಸಿಗೆಗೆ ಅನ್ನ ಸಾರು ತರಿಸಿ ಉಂಡರಂತೆ. ಇಷ್ಟು ದಿನ ಒಬ್ಬರೇ ಹೊತ್ತುಕೊಂಡಿರಲ್ಲ ಎಂದು ಅವರನ್ನೇ ಸಮಾಧಾನ ಮಾಡಿದರಂತೆ. ಅದಾಗಿ ಹತ್ತೊಂಬತ್ತನೆಯ ದಿನ ಹೋಗಿಬಿಟ್ಟರು. ನಾನು ಮತ್ತೆ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ ಅನ್ನುವುದೇ ನಿಜ.

ಯಜಮಾನರು ಕೊಟ್ಟ ಡಬ್ಬಿ ಈಗ ನನ್ನ ಮನೆಯಲ್ಲಿದೆ. ಅದರಲ್ಲಿ ಆ ಹನ್ನೊಂದನ್ನು ಮಾತ್ರ ಹಾಕಿಕೊಂಡೆ. ಭಾನುವಾರ ಕೈಹಾಕಿದರೆ ನನ್ನ ಉಗುರೂ ತಗಡಿಗೆ ತಾಗಿ ಕರಕರ ಅನ್ನುತ್ತದೆ. ಎಂಟನ್ನು ಬರೆದು ಅಂಟಿಸಿ ಆಯಿತು. ‘ಕೊನೆ’ ಇನ್ನೂ ಬಂದಿಲ್ಲ, ಒಳಗೇ ಇದೆ.

ಇವತ್ತು ಬಂದದ್ದು ‘ಸುಳ್ಳು’. ಬರೆದಿದ್ದೇನೆ, ಅಕ್ಕಾವ್ರೇ.