ಎಲೆಯಡಿಯ ತುಕ್ಕು

ಅತ್ತೆಯ ಬಲಗೈ ಹೆಬ್ಬೆರಳಿನಲ್ಲಿ ಸದಾ ಹಸಿರು ಕಲೆಯಿರುತ್ತಿತ್ತು. ಕಂಡ ಎಲೆಯನ್ನೆಲ್ಲ ತಿರುವಿ, ಅಡಿಭಾಗವನ್ನು ಉಜ್ಜಿ ನೋಡದಿದ್ದರೆ ಅವರಿಗೆ ಸಮಾಧಾನವಿಲ್ಲ. ಮದುವೆಮನೆಯಲ್ಲಿ ಊಟದ ಬಾಳೆಎಲೆಯನ್ನೂ ಮಗುಚಿ ನೋಡುತ್ತಾರೆಂದು ನಾವೆಲ್ಲ ನಗುತ್ತಿದ್ದೆವು.

ಅವರು ಅಪ್ಪನ ಅಕ್ಕ. ಗಿಡಗಳ ರೋಗ ಓದಿ, ಸಂಶೋಧನಾ ಕೇಂದ್ರವೊಂದರಲ್ಲಿ ದುಡಿದು, ನಿವೃತ್ತರಾದ ಮೇಲೆ ಸಂಸೆಯ ನಮ್ಮ ತೋಟದ ಅಂಚಿನ ಸಣ್ಣ ಮನೆಗೆ ಬಂದರು. ಅಷ್ಟರಲ್ಲಿ ಮೈಕೇನಿಯ ಎಂಬ ಕಳೆಬಳ್ಳಿ ಹಳ್ಳದ ಬದಿಯಿಂದ ಹತ್ತಿ ಬಂದು ಕಾಫಿ ಗಿಡಗಳಿಗೆ ಮುಸುಕು ಹಾಕಿತ್ತು. ಕಡಿದಷ್ಟೂ ಚಿಗುರುವ ಪೀಡೆ. ಅತ್ತೆ ಕೇಂದ್ರದ ಒಪ್ಪಿಗೆ ಪಡೆದು, ತುಕ್ಕು ಶಿಲೀಂಧ್ರ ಹಿಡಿದ ಅದೇ ಬಳ್ಳಿಯ ಕುಂಡಗಳನ್ನು ತಂದು ಹಳ್ಳದ ಬದಿ ಇಟ್ಟರು. ಆ ತುಕ್ಕು ಈ ಬಳ್ಳಿಯೊಂದನ್ನೇ ಕೊಲ್ಲುತ್ತದೆ, ಕಾಫಿಯನ್ನು ಮುಟ್ಟುವುದಿಲ್ಲ ಎಂದು ಅಪ್ಪನಿಗೆ ಎಷ್ಟು ಸಲ ಹೇಳಿದರೋ! ಅಪ್ಪ ಹೂಂಗುಟ್ಟಿದರು.

ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಒದ್ದೆ ಸೀರೆಯಲ್ಲೇ ಅಂಗಳಕ್ಕೆ ಓಡಿ ಬಂದರು. "ಹಿಡೀತು ಕಣೇ! ತೋಟದ ಬಳ್ಳಿಗೂ ಹಿಡೀತು, ಬಾ ನೋಡು!" ಎಲೆಯಡಿ ಕಂದು ಗುಳ್ಳೆಗಳಿದ್ದವು. ಅತ್ತೆ ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಕಾಫಿ ಎಲೆಗೂ ಬೇರೊಂದು ತುಕ್ಕುರೋಗ ಬರುತ್ತದೆ; ತುಕ್ಕು ಎಂದರೆ ಸಾಕು, ಕಾಫಿ ಬೆಳೆಗಾರನ ಕೈ ಬೋರ್ಡೋ ಔಷಧದ ಡ್ರಮ್ಮಿಗೆ ಹೋಗುತ್ತದೆ. ಅತ್ತೆ ಕಣ್ಣು ತೋರಿಸಲು ಚಿಕ್ಕಮಗಳೂರಿಗೆ ಹೋದ ದಿನ ಪಕ್ಕದ ತೋಟದವರು ಬಂದು, "ತುಕ್ಕನ್ನ ನೀವೇ ಕರ್ಕಂಡು ಬಂದಿದೀರಲ್ಲ ಮಾರಾಯ್ರೆ" ಎಂದರು. ಮಳೆ ಬಿಟ್ಟು ಹೊಳವಾದದ್ದೇ ತಡ, ಅಪ್ಪ ಮೈಲುತುತ್ತ, ಸುಣ್ಣ ಕಲಸಿ ಕುಂಡಗಳಿಗೂ ಬಳ್ಳಿಗೂ ತೊಯ್ಯುವಂತೆ ಹೊಡೆಸಿದರು. ಶಿಲೀಂಧ್ರ ಸತ್ತಿತು, ಬಳ್ಳಿ ಉಳಿಯಿತು.

ಅತ್ತೆ ಬಂದು ನೀಲಿಗಟ್ಟಿದ ಎಲೆಯನ್ನು ತಿರುವಿ ನೋಡಿದರು.

"ನಂಬ್ಕೆ ಇಲ್ಲ ಅಂತ ಮುಂಚೇನೇ ಹೇಳ್ಬೋದಿತ್ತಲ್ಲೋ."

"ತುಕ್ಕು ತುಕ್ಕೇ ಅಲ್ವೇನಕ್ಕ? ತೋಟ ಹೋದ್ರೆ ಯಾರು ಕೊಡ್ತಾರೆ?"

"ಇಷ್ಟು ವರ್ಷ ನಾನು ಎಂಥ ಓದ್ದೆ ಅಂತ ನಿಂಗೆ ಒಂದಿನಾನೂ ಕೇಳ್ಬೇಕು ಅನ್ನಿಸ್ಲಿಲ್ಲ, ಅಲ್ವಾ?"

ಮುಂದಿನ ಮಳೆಗೆ ಮತ್ತೆ ತರುತ್ತೇನೆಂದರು. ಅಪ್ಪ ಬೇಡವೆಂದರು. ಆಮೇಲೆ ಅತ್ತೆ ಎಲೆ ತಿರುವುವುದನ್ನೇ ಬಿಟ್ಟರು. ಬೇಸಿಗೆಯಲ್ಲಿ ತೀರಿಕೊಂಡಾಗ ಅವರ ಹೆಬ್ಬೆರಳಿನಲ್ಲಿ ಕಲೆಯಿರಲಿಲ್ಲ.

ಚಿತೆಗೆ ಹಳ್ಳದ ಬದಿಯಲ್ಲಿ ಜಾಗ ಮಾಡಬೇಕಿತ್ತು. ಅಲ್ಲೆಲ್ಲ ಬಳ್ಳಿಯೇ. ಅಪ್ಪನೇ ಕತ್ತಿ ಹಿಡಿದು ಕಡಿದರು. ಕಡಿದು ಸುಸ್ತಾಗಿ, ಬೆವರು ಒರೆಸಿಕೊಳ್ಳುತ್ತಾ, "ಥೂ, ಈ ದರಿದ್ರ ಬಳ್ಳಿಗೆ ಒಂದು ರೋಗನಾದ್ರೂ ಬರಬಾರ್ದಾ!" ಎಂದರು.

ನಾನು ಅಪ್ಪನನ್ನು ಇನ್ನೂ ಕ್ಷಮಿಸಿಲ್ಲ.