ಬೋರಮ್ಮನ ಖಾಲಿ ಹೊಟ್ಟೆ

ಅಕ್ಕೂರಿನ ಬೋರಮ್ಮನಿಗೆ ಹೊಟ್ಟೆಗಿಲ್ಲದ ಕಷ್ಟ ಯಾವತ್ತೂ ಬಂದಿರಲಿಲ್ಲ. ಅವಳಿಗಿದ್ದದ್ದೆಲ್ಲ ಹೊಟ್ಟೆ ಖಾಲಿ ಇಡಲು ಬಿಡದವರ ಕಾಟ. ಪಿತ್ತಕೋಶದಲ್ಲಿ ಕಲ್ಲಾಗಿತ್ತು. ಉಂಡು ಸ್ವಲ್ಪ ಹೊತ್ತಿಗೆ ಬಲಪಕ್ಕೆಯಡಿ ನೋವು ಹಿಡಿದುಕೊಂಡರೆ, ತಲೆ ಮೇಲಿನ ಹಿಪ್ಪುನೇರಳೆ ಸೊಪ್ಪಿನ ಹೊರೆ ಕೆಡವಿ ನೆಲಕ್ಕೆ ಕೂತುಬಿಡುತ್ತಿದ್ದಳು. "ಹೆರಿಗೆ ನೋವೇ ವಾಸಿ ಕಣ್ರವ್ವ, ಕೊನೆಗೊಂದು ಮಗುವಾದ್ರೂ ಕೈಗೆ ಸಿಕ್ತಿತ್ತು" ಎನ್ನುತ್ತಿದ್ದಳು.

ರಾಮನಗರದ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಗೊತ್ತಾಯಿತು. ಅರಿವಳಿಕೆ ಕೊಡುವ ಡಾಕ್ಟರ್ ಮಹ್ವಿಶ್ ಅಲ್ಲಿಗೆ ಬರುವುದು ಗುರುವಾರ ಬೆಳಿಗ್ಗೆ ಮಾತ್ರ. ಬೋರಮ್ಮನ ಮಗಳು ರಮ್ಯಾಳ ಸಿಸೇರಿಯನ್‌ಗೆ ಬೆನ್ನಿಗೆ ಚುಚ್ಚಿ ಎದೆಯ ಕೆಳಗೆ ಮಾತ್ರ ಮರಗಟ್ಟಿಸಿದ್ದರು. ಮಗುವಿನ ಮೊದಲ ಅಳು ಅವಳಿಗೇ ಕೇಳಿಸಿತ್ತು.

"ನಂಗೂ ಅದನ್ನೇ ಚುಚ್ಬುಡಿ," ಎಂದಳು ಬೋರಮ್ಮ.

"ನಿಮಗೆ ಪೂರ್ತಿ ಎಚ್ಚರ ತಪ್ಪಿಸಬೇಕಮ್ಮ," ಎಂದರು ಡಾಕ್ಟರ್. "ಹಿಂದಿನ ರಾತ್ರಿ ಊಟ ಆದ್ಮೇಲೆ ಏನೂ ಬೇಡ. ಮತ್ತಿನಲ್ಲಿರುವಾಗ ಹೊಟ್ಟೇಲಿರೋದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದ್ರೆ ಜೀವಕ್ಕೇ ಕುತ್ತು. ಬೆನ್ನಿಗೆ ಚುಚ್ಚಿದ್ರೂ ಇದೇ ನಿಯಮ."

ಮೊದಲ ಗುರುವಾರವನ್ನು ಅತ್ತೆ ಹಾಳು ಮಾಡಿದಳು. ಹೊರಡುವಾಗ ಕಾಫಿ ಲೋಟ ಹಿಡಿದು ಬಾಗಿಲಿಗೆ ಅಡ್ಡ ನಿಂತಳು. "ಕಾಪಿ ಊಟವೇನಮ್ಮಿ? ಸೊಸೇನ ಬರೀ ಹೊಟ್ಟೇಲಿ ಕಳಿಸ್ಬುಟ್ಲು ಅಂತ ಊರೋರ ಕೈಲಿ ಅನ್ನಿಸ್ಕೊಳ್ಲಾ?" ಬೋರಮ್ಮನೂ ಕಾಫಿಯನ್ನು ಲೆಕ್ಕಕ್ಕಿಟ್ಟಿರಲಿಲ್ಲ, ಕುಡಿದೇ ಹೊರಟಳು. ಹಾಲಿನ ಕಾಫಿ ಎಂದ ಕೂಡಲೇ ಡಾಕ್ಟರ್ ವಾಪಸ್ ಕಳಿಸಿದರು.

ಎರಡನೇ ಗುರುವಾರ ಅತ್ತೆಯ ಕಣ್ಣು ತಪ್ಪಿಸಿ ಬಸ್ಸು ಹತ್ತಿದ್ದಾಯಿತು. ಬಸ್ಸಿನಲ್ಲಿ ಗಂಡ ಬೋರಲಿಂಗಯ್ಯ ಜೇಬಿನಿಂದ ಎಲೆಯ ಪೊಟ್ಟಣ ತೆಗೆದ. ಮನೆದೇವರ ಪ್ರಸಾದ, ಬೆಲ್ಲ ಕಲಸಿದ ಬಾಳೆಹಣ್ಣು. "ಕಣ್ಣಿಗೊತ್ಕೊಂಡು ಬಾಯಿಗೆ ಹಾಕ್ಕೊ. ದೇವ್ರುದ್ದು ಏನೂ ಮಾಡಾಕಿಲ್ಲ." ಪ್ರಸಾದ ಬೇಡ ಎಂದು ಹೇಳಿ ಗೊತ್ತಿದ್ದ ಬಾಯಲ್ಲ ಅವಳದು. ನುಂಗಿದ ಮೇಲೆ ಡಾಕ್ಟರ್ ಹೇಳಿದ್ದು ನೆನಪಾಯಿತು.

"ಏನಾದರೂ ತಿಂದಿದ್ದೀರಾ?" ಡಾಕ್ಟರ್ ಕೇಳಿದರು.

"ತೊಟ್ಟು ನೀರೂ ಇಲ್ಲ ಮೇಡಂ," ಎಂದ ಬೋರಲಿಂಗಯ್ಯ, ದೇವರಾಣೆಗೂ ನಿಜವೆಂಬಂತೆ.

ಇನ್ನೊಂದು ವಾರ ಆ ನೋವು ಎಂದು ನೆನೆದರೇ ಬೋರಮ್ಮನಿಗೆ ಅಳು ಬಂತು. ಬಾಯಿ ಮುಚ್ಚಿಕೊಂಡಿದ್ದರೆ ಇವತ್ತೇ ಮುಗಿಯುತ್ತದೆ. ನೋವು ಮುಗಿಯುತ್ತದೋ ತಾನೇ ಮುಗಿಯುತ್ತೇನೋ, ಯಾರಿಗೆ ಗೊತ್ತು? "ಬಾಳೆಹಣ್ಣು ತಿಂದಿವ್ನಿ ಕಣವ್ವ," ಎಂದುಬಿಟ್ಟಳು. ಮತ್ತೆ ಮುಂದಿನ ಗುರುವಾರ.

ವಾಪಸ್ ಬರುವಾಗ ಬಸ್ಸಿನಲ್ಲಿ ಬೋರಲಿಂಗಯ್ಯ ಗೊಣಗಿದ. "ಒಂದು ತುತ್ತು ಬಾಳೆಹಣ್ಣು! ಸುಮ್ಕಿದ್ದಿದ್ರೆ ನಿನ್ ಗಂಟೇನು ಹೋಯ್ತಿತ್ತು?"

ಬೋರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕ್ತೀರಾ?"

ಪೊರೆ ಬಿಡುವ ಮುಂಚೆ ರೇಷ್ಮೆ ಹುಳು ಮೇವು ಬಿಟ್ಟು, ತಲೆಯೆತ್ತಿ ಕದಲದೆ ಕೂರುವುದನ್ನು ಊರಿನವರು ಜ್ವರ ಎನ್ನುತ್ತಾರೆ. ಆಗ ತಟ್ಟೆಗೆ ಒಂದೆಲೆ ಸೊಪ್ಪೂ ಬೀಳಬಾರದು.

"ಯಾರಾದ್ರೂ ಹಾಕ್ತಾರಾ? ಬೆಳೆನೇ ಕೆಟ್ಟೋಯ್ತದೆ."

"ಹುಳದ ಮೇಲಿರೋ ಗ್ಯಾನ ಹೆಂಡ್ತಿ ಮೇಲಿಲ್ವಲ್ಲ ನಿಮ್ಗೆ!"

ಬಸ್ಸಿನವರೆಲ್ಲ ತಿರುಗಿ ನೋಡಿದರು.

ಮುಂದಿನ ಬುಧವಾರ ನೆಂಟರು ಬ್ರೆಡ್ಡು, ಹಣ್ಣು ಹಿಡಿದು ನೋಡಲು ಬಂದರು. ಬೋರಮ್ಮ ಬೇಗ ಉಂಡವಳೇ ಚಾಪೆ ಎತ್ತಿಕೊಂಡು ಹುಳದ ಮನೆಗೆ ಹೋಗಿ ಚಿಲಕ ಹಾಕಿಕೊಂಡಳು. ಹುಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಹುಳಕ್ಕೆ ರೋಗ ತಗಲದಿರಲೆಂದು ಹೊಸ್ತಿಲಲ್ಲಿ ಸುಣ್ಣದ ಪುಡಿ ಚೆಲ್ಲಿತ್ತು. ಅದನ್ನು ದಾಟಿ ಕಂಡಕಂಡವರು ಒಳಗೆ ಬರುವಂತಿರಲಿಲ್ಲ.

ಬೆಳಗಾಗುತ್ತಲೇ ಬಾಗಿಲಾಚೆ ಅತ್ತೆಯ ದನಿ. "ಒಸಿ ಕಾಪಿ ಕಣಮ್ಮಿ. ಹಸ್ಕೊಂಡೋದ್ರೆ ಜೀವ ತಡೀತದಾ?"

ಬೋರಮ್ಮ ಹಲ್ಲು ಕಚ್ಚಿದಳು. ಇವರಿಗೆ ಹೇಳುವ ಬದಲು ಬಂಡೆಗೆ ಹೇಳಿದ್ದರೆ ಕರಗುತ್ತಿತ್ತು. ಇವತ್ತು ಅತ್ತೆ ಅಂತಲೂ ನೋಡುವುದಿಲ್ಲ, ಬೈದೇ ಬಿಡುತ್ತೇನೆ ಎಂದು ಚಿಲಕಕ್ಕೆ ಕೈ ಹಾಕಿದಳು.

ಅಷ್ಟರಲ್ಲಿ ಹೊರಗೆ ಗಂಡನ ದನಿ ಏರಿತು. "ಅವ್ವಾ, ಲೋಟ ತಕ್ಕೊಂಡು ಹೋಗು ಅತ್ಲಾಗೆ. ಸೊಪ್ಪು ಹಾಕೋ ಹೊತ್ತಲ್ಲ ಇದು."

ಬೋರಮ್ಮ ಚಿಲಕ ತೆಗೆದು, ಸುಣ್ಣ ದಾಟಿ, ಯಾರ ಕೈಯಲ್ಲಿ ಏನಿದೆ ಎಂದೂ ನೋಡದೆ ಬಸ್ಸಿನ ಕಡೆ ನಡೆದಳು.