ಅಫಜಲಪುರದ ಖಾನಾವಳಿಯಲ್ಲಿ ಉಂಡ ಹೋಳಿಗೆ

ಅಫಜಲಪುರದಲ್ಲಿ ಬಸ್ಸು ಬದಲಿಸುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಅಪ್ಪ, ತಂಗಿ, ನಾನು ನಿಲ್ದಾಣದೆದುರಿನ ಖಾನಾವಳಿಗೆ ಊಟಕ್ಕೆ ಹೋದೆವು. ಅಮಾವಾಸ್ಯೆಯೆಂದು ಅಲ್ಲಿ ಹೋಳಿಗೆ ಮಾಡಿದ್ದರು. ಖಾನಾವಳಿ ನಡೆಸುವ ಹೆಂಗಸು ಬಡಿಸಲು ಬಂದಾಗ ಅಪ್ಪ ತಾಟಿನ ಮೇಲೆ ಕೈ ಅಡ್ಡ ಹಿಡಿದರು.

"ಬ್ಯಾಡ್ರಿ ತಾಯಿ. ರೊಟ್ಟಿ ಸಾಕು."

"ಯಾಕ್ರಿ, ಸಕ್ಕರಿ ಬ್ಯಾನಿ ಐತೇನು?"

ಅವ್ವ ತೀರಿಕೊಂಡು ಮೂರು ತಿಂಗಳಾಯಿತೆಂದು ನಾನು ಹೇಳಿದೆ. ಹೆಂಡತಿ ಸತ್ತ ಮೇಲೆ ಆಕೆಯ ತವರಿನವರು ಬಂದು ಉಣಿಸುವವರೆಗೆ ನಮ್ಮ ಮನೆತನದಲ್ಲಿ ಗಂಡ ಸಿಹಿ ಮುಟ್ಟುವುದಿಲ್ಲ. ಅವ್ವನ ತವರಿನಲ್ಲಿ ಈಗ ಯಾರೂ ಉಳಿದಿಲ್ಲ. ಸಿಹಿ ತಿನ್ನಿರೆಂದು ಊರ ಹಿರಿಯರು ಎಷ್ಟು ಹೇಳಿದರೂ ಅಪ್ಪ ಕೇಳಿರಲಿಲ್ಲ. ಇದನ್ನೆಲ್ಲ ಆಕೆಗೆ ತಿಳಿಸಿದೆ.

"ತವರು ಯಾವೂರ್ರಿ?"

"ಮಣ್ಣೂರ," ಎಂದಳು ತಂಗಿ.

ಆಕೆ ಹೋಳಿಗೆಯ ಬುಟ್ಟಿ ಕೆಳಗಿಟ್ಟು ಅಪ್ಪನೆದುರು ಕುಳಿತಳು. "ನಾನೂ ಮಣ್ಣೂರಾಕಿನೇ. ಒಂದೇ ಹೊಳಿ ನೀರು ಕುಡದ ಹೆಣ್ಮಕ್ಕಳು ಅಕ್ಕತಂಗೇರ ಅಲ್ಲೇನ್ರಿ? ಕೈ ತಗೀರಿ, ಮಾವಾರ."

ಅವ್ವನಿಗೊಬ್ಬ ತಂಗಿ ಇದ್ದಿದ್ದರೆ ಅಪ್ಪನನ್ನು ಹೀಗೇ ಮಾವ ಎನ್ನುತ್ತಿದ್ದಳು. ಅಪ್ಪ ತಾಟಿನ ಮೇಲಿನ ಕೈ ತೆಗೆದರು. ಆಕೆ ಹೋಳಿಗೆ ಮುರಿದು ಮೊದಲ ತುತ್ತನ್ನು ತಾನೇ ಅವರ ಬಾಯಿಗಿಟ್ಟಳು. ನಾವಿಬ್ಬರೂ ಉಣ್ಣುವುದನ್ನು ಬಿಟ್ಟು ನೋಡುತ್ತಿದ್ದೆವು. ಅಪ್ಪ ನಿಧಾನವಾಗಿ ಅಗಿದು ನುಂಗಿದರು.

"ತುಪ್ಪ ಕಡಿಮಿ ಹಾಕೀದಿ ನೋಡು," ಎಂದರು, ನಾದಿನಿಯನ್ನು ಕಾಡಿಸುವ ದನಿಯಲ್ಲಿ.

ಆಕೆ ಒಳಗೆ ಹೋಗಿ ತುಪ್ಪದ ಗಿಂಡಿಯನ್ನೇ ತಂದು ಅವರ ತಾಟಿನ ಪಕ್ಕಕ್ಕಿಟ್ಟಳು.